ಉಳಿದರ್ಧ ಹೊಲಿಗೆ

ಮಾಸ್ಟರು ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ "ಮೂವತ್ತಾರೂವರೆ" ಅಂದವರೇ, ಅದನ್ನು ಬರೆದುಕೊಳ್ಳುವ ಮೊದಲೇ ಟೇಪನ್ನು ಅವನ ಕೈಗೆ ಕೊಟ್ಟು, "ಒಂದ್ನಿಮಿಷ, ಒಳಗೆ ಇಸ್ತ್ರಿಪೆಟ್ಟಿಗೆ ಕಾದಿದೆ" ಎಂದು ಓಡಿದರು. ಇಸ್ತ್ರಿಪೆಟ್ಟಿಗೆ ಅಂಗಡಿಯಲ್ಲೇ, ಗಿರಾಕಿಯ ಮೊಣಕೈ ಪಕ್ಕದಲ್ಲೇ, ತಣ್ಣಗೆ ಕೂತಿತ್ತು. ಗಿರಾಕಿ ಅದನ್ನು ಮುಟ್ಟಿ ನೋಡಿದ, ಕೈಯಲ್ಲಿದ್ದ ಟೇಪು ನೋಡಿದ, ಏನೂ ಅರ್ಥವಾಗದೆ ಅಲ್ಲೇ ನಿಂತ.

ಒಳಗೆ, ಮೆಟ್ಟಿಲ ಕೆಳಗಿನ ಬಚ್ಚಲಲ್ಲಿ ಮಾಸ್ಟರು ಗೋಡೆಗೆ ಕೈ ಕೊಟ್ಟು ನಿಂತಿದ್ದರು. ಓಡಿ ಬಂದದ್ದೇನೋ ಜೀವ ಬಾಯಿಗೆ ಬಂದವರ ಹಾಗೆ. ಬಂದ ಮೇಲೆ ಕಾಯಬೇಕು. ಕಾದರೆ ನಾಲ್ಕು ಹನಿ, ಮತ್ತೆ ಕಾದರೆ ಇನ್ನೆರಡು. ಮುಗಿಯಿತು ಎಂದು ಚಿಲಕ ತೆಗೆದರೆ, ಇಲ್ಲ, ಇನ್ನೂ ಇದೆ ಅನ್ನಿಸುತ್ತಿತ್ತು. ಒಂದೂವರೆ ವರ್ಷದಿಂದ ಇದೇ ಪಾಡು.

ಮಾಸ್ಟರಿಗೆ ಅರವತ್ತೆರಡು. ಟೇಲರ್ ಮಾಸ್ಟರ್ ಎಂದು ಶುರುವಾದದ್ದು ಬರೀ ಮಾಸ್ಟರ್ ಆಗಿ, ಊರಿಗೆಲ್ಲ ಅದೇ ಹೆಸರಾಗಿತ್ತು. ರಸ್ತೆಯ ಆಚೆ ನಡೆದು ಹೋಗುವವನನ್ನು ನೋಡಿ ಅವನ ಸೊಂಟ ಎಷ್ಟು, ಕಾಲುದ್ದ ಎಷ್ಟು ಎಂದು ಹೇಳುವುದರಲ್ಲಿ ಎತ್ತಿದ ಕೈ. ಪರವೂರಿನ ಮದುಮಗನಿಗೆ ಬರೀ ಫೋಟೋ ನೋಡಿ ಸೂಟು ಹೊಲಿದು ಸೈ ಅನ್ನಿಸಿಕೊಂಡವರು. ಅಂಥವರಿಗೆ ತಮ್ಮ ಸೊಂಟದ ಕೆಳಗಿನ ಸಂಗತಿಯೊಂದು ಅಳತೆಗೆ ಸಿಗದೆ ಹೋಯಿತು, ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಎರಡು ಕೋಣೆಗಳಲ್ಲಿ ಒಂದು ಮಗ ಸೊಸೆಯದು, ಇನ್ನೊಂದು ಮಾಸ್ಟರು ಮತ್ತು ಅವರ ಹೆಂಡತಿಯದು. ಬಚ್ಚಲು ಮಾತ್ರ ಕೆಳಗೆ, ಮೆಟ್ಟಿಲಿನಡಿ, ನಾಲ್ಕು ಜನಕ್ಕೆ ಒಂದೇ. ರಾತ್ರಿ ಮೂರು ನಾಲ್ಕು ಸಲ ಹದಿನಾರು ಮೆಟ್ಟಿಲು ಇಳಿದು ಹತ್ತುವುದು ತಪ್ಪಲಿ ಎಂದು ಮಾಸ್ಟರು ಕಳೆದ ವರ್ಷವೇ ಹಾಸಿಗೆಯನ್ನು ಅಂಗಡಿಗೆ ಇಳಿಸಿದ್ದರು. ಹೆಂಡತಿಗೆ ಕೊಟ್ಟ ಕಾರಣ ಬೇರೆ: ಕೈ ತುಂಬ ಕೆಲಸ, ರಾತ್ರಿ ಮಿಷನ್ ಸದ್ದಿಗೆ ನಿನ್ನ ನಿದ್ದೆ ಯಾಕೆ ಕೆಡಿಸಲಿ. ರಾತ್ರಿ ಮಿಷನ್ ಸದ್ದು ಒಂದು ದಿನವೂ ಮೇಲೆ ಕೇಳಲಿಲ್ಲ. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ಅವರ ದಿಂಬಿನ ಕವರನ್ನು ತಾನೇ ಒಗೆದು ಕೆಳಗೆ ಕಳಿಸಿದಳು. ಏನೂ ಕೇಳಲಿಲ್ಲ.

ಕೇಳುವವನೆಂದರೆ ಮಗ, ಅದೂ ಬೆಳಗಿನ ಹೊತ್ತು, ಬಚ್ಚಲ ಬಾಗಿಲು ಬಡಿದು. ಅವನಿಗೆ ಮನೆಮನೆ ಸುತ್ತಿ ಕರೆಂಟ್ ಮೀಟರ್ ಓದುವ ಕೆಲಸ, ಏಳೂವರೆಗೆ ಹೊರಡಬೇಕು.

"ಅಪ್ಪ, ಒಳಗೆ ನಿದ್ದೆ ಮಾಡ್ತಿದ್ದೀಯಾ?"

"ಬಂದೆ ಕಣೋ."

"ಬಂದೆ ಅಂದು ಹತ್ತು ನಿಮಿಷ ಆಯ್ತು. ಪೇಪರ್ ತಗೊಂಡು ಹೋಗಿದ್ಯೇನು?"

ಹೊರಗೆ ಬಂದ ಅಪ್ಪ ಮಗನ ಮುಖ ನೋಡದೆ ಅಂಗಡಿಗೆ ಹೋಗಿ, ನಿನ್ನೆಯೇ ಮುಗಿದಿದ್ದ ಪ್ಯಾಂಟಿಗೆ ಮತ್ತೊಮ್ಮೆ ಇಸ್ತ್ರಿ ಹಾಕುತ್ತ ನಿಲ್ಲುತ್ತಿದ್ದರು.

ಸೊಸೆ ಬಸ್ ಸ್ಟಾಪಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೌಂಟರಿಗೆ ನಿಲ್ಲುತ್ತಿದ್ದಳು. ಮನಸ್ಸು ಒಳ್ಳೆಯದು, ಬಾಯಿ ಚುರುಕು. ರಾತ್ರಿ ಊಟಕ್ಕೆ ಕೂತಾಗ ಅಂಗಡಿಯ ಕಥೆಗಳನ್ನು ತಂದು ಬಡಿಸುವವಳು ಅವಳೇ. ಒಂದು ದಿನ ಹೀಗೆಯೇ ಶುರು ಮಾಡಿದಳು. "ಇವತ್ತೊಬ್ಬರು ಬಂದಿದ್ರು ಅತ್ತೆ. ಕೆಮ್ಮಿನ ಔಷಧಿ ಅಂದ್ರು, ಕೊಟ್ಟೆ. ತಲೆನೋವಿನ ಮಾತ್ರೆ ಅಂದ್ರು, ಕೊಟ್ಟೆ. ಹಲ್ಲುಜ್ಜೋ ಬ್ರಷ್ ಅಂದ್ರು, ಅದನ್ನೂ ಕೊಟ್ಟೆ. ಅಂಗಡೀಲಿ ಯಾರೂ ಇಲ್ದಿದ್ದಾಗ ಗೋಡೆ ಕಡೆ ತಿರುಗಿಕೊಂಡು ಹೇಳ್ತಾರೆ, ಪದೇ ಪದೇ ಮೂತ್ರಕ್ಕೆ ಹೋಗ್ಬೇಕಾಗುತ್ತಲ್ಲ, ಅದಕ್ಕೇನಾದ್ರೂ ಇದ್ಯಾ, ನನಗಲ್ಲ, ಪಕ್ಕದ ಮನೆಯವರಿಗೆ, ಅಂತ."

ಮಗ ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕ. ಇಂಥ ಪಕ್ಕದ ಮನೆಯವನು ಸಿಗೋಕೆ ಪುಣ್ಯ ಮಾಡಿರಬೇಕು ಅಂದ. ಮಾಸ್ಟರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಸ್ಟರು. ಸೊಸೆ ಆಮೇಲೆ ಏನೋ ಸೇರಿಸಿದಳು, ಡಾಕ್ಟರಿಗೆ ತೋರಿಸಿ ಅಂದೆ, ಇದೇನು ನಾಚಿಕೆಪಡೋ ವಿಷಯ ಅಲ್ಲ ಅಂದೆ ಎಂದೆಲ್ಲ. ನಗುವಿನ ನಡುವೆ ಅದು ಯಾರ ಕಿವಿಗೂ ಬೀಳಲಿಲ್ಲ. ಮಾಸ್ಟರು ತಟ್ಟೆಯ ಪಕ್ಕದ ನೀರಿನ ಲೋಟವನ್ನು ಮುಟ್ಟದೆ ಎದ್ದರು. ಬಾಯಿಗೆ ಅವತ್ತೇ ಬೀಗ ಬಿತ್ತು.

ಆ ವಾರದಲ್ಲೇ ಮಗಳ ಫೋನು ಬಂತು.

ಮಗಳ ವಿಷಯ ಸ್ವಲ್ಪ ಹೇಳಬೇಕು. ಹದಿನಾಲ್ಕನೇ ವಯಸ್ಸಿಗೇ ಅಪ್ಪನ ಪಕ್ಕ ಮಿಷನ್ ಹಾಕಿಕೊಂಡು ಕೂತವಳು. ಮಾಸ್ಟರು ಪಾಠ ಹೇಳುವ ರೀತಿಯೇ ಬೇರೆ ಇತ್ತು. ಅವಳ ಹೊಲಿಗೆ ಸೊಟ್ಟ ಬಂದರೆ ಬೈಯುತ್ತಿರಲಿಲ್ಲ. ಪೂರ್ತಿ ಬಿಚ್ಚಿ, ಅರ್ಧವನ್ನು ತಾವು ನೇರವಾಗಿ ಹೊಲಿದು, ಸೂಜಿಯನ್ನು ದಾರದ ಸಮೇತ ನಡುವೆ ಚುಚ್ಚಿ, ಮಾತಿಲ್ಲದೆ ಅವಳ ಮಿಷನ್ ಮೇಲಿಡುತ್ತಿದ್ದರು. ನನ್ನ ಅರ್ಧ ನೋಡಿಕೊಂಡು ನಿನ್ನ ಅರ್ಧ ಮಾಡು ಎಂದು ಅರ್ಥ. ಅವಳೂ ಮಾತಿಲ್ಲದೆ ಮುಗಿಸಿ ಹಿಂದಕ್ಕೆ ಕೊಡುತ್ತಿದ್ದಳು. ಹತ್ತು ವರ್ಷ ಕಳೆಯುವ ಹೊತ್ತಿಗೆ ಎಲ್ಲಿ ಅಪ್ಪನದು ಮುಗಿದು ಎಲ್ಲಿ ಮಗಳದು ಶುರುವಾಯಿತೆಂದು ಗುರುತು ಹಿಡಿಯುವುದು ಅವರಿಬ್ಬರಿಗೆ ಬಿಟ್ಟು ಯಾರಿಗೂ ಸಾಧ್ಯವಿರಲಿಲ್ಲ.

ಎರಡು ವರ್ಷದ ಹಿಂದೆ ಅಂಗಡಿಗೆ ಹೊಸ ಬೋರ್ಡು ಬರೆಸುವ ಮಾತು ಬಂದಾಗ, ಅದರಲ್ಲಿ ನನ್ನ ಹೆಸರೂ ಇರಲಿ ಅಂದಳು ಮಗಳು. ಮಾಸ್ಟರಿಗೆ ಅದೇನು ಬುದ್ಧಿ ಬಂತೋ, ಅಂಗಡಿ ನಾಳೆ ಗಂಡುಮಗನದು, ನೀನು ಯಾರ ಮನೆಗೋ ಹೋಗುವವಳು ಅಂದುಬಿಟ್ಟರು. ಒಂದು ಗುಂಡಿ ಹಾಕಲು ಬಾರದ ಗಂಡುಮಗ ಅಲ್ಲೇ ನಿಂತು, "ನನಗ್ಯಾಕಪ್ಪ ಇದೆಲ್ಲ" ಅಂದ. ಮಗಳು ತನ್ನ ಮಿಷನ್ ಕಟ್ಟಿಕೊಂಡು ದೂರದ ಊರಿಗೆ ಹೋಗಿ ಇನ್ನೊಬ್ಬರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ವಾರಕ್ಕೊಮ್ಮೆ ಅಮ್ಮನಿಗೆ ಫೋನು ಮಾಡುತ್ತಿದ್ದಳು, ಅಪ್ಪನಿಗೆ ಒಮ್ಮೆಯೂ ಇಲ್ಲ. ಬೋರ್ಡು ಇವತ್ತಿಗೂ ಬರೆಸಿಲ್ಲ. ಆಡಿದ ಮಾತನ್ನು ನೆನೆದು ಮಾಸ್ಟರು ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದರು, ಫೋನು ಎತ್ತಲು ಮಾತ್ರ ಬಿಗುಮಾನ.

ಈಗ ಅವಳೇ ಮಾಡಿದ್ದಳು.

"ಅಪ್ಪ, ನಾನು."

"ಹೂಂ."

"ಅಂಗಡಿ ಹಿಡಿದಿದ್ದೀನಿ. ನನ್ನದೇ. ಇನ್ನು ಆರು ವಾರಕ್ಕೆ, ಭಾನುವಾರ ಬಾಗಿಲು ತೆಗೀತೀನಿ. ಮೊದಲನೇ ಬಟ್ಟೆ ನೀನೇ ಕತ್ತರಿಸ್ಬೇಕು."

ಮಾಸ್ಟರ ಎದೆ ತುಂಬಿ ಬಂತು. ಬರುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಬಸ್ಸು ನೆನಪಾಯಿತು. ಐದು ಗಂಟೆಯ ದಾರಿ. ನಡುವೆ ಒಂದೇ ಕಡೆ ನಿಲ್ಲುತ್ತದೆ, ಅದೂ ಮೂರು ಗಂಟೆ ಆದ ಮೇಲೆ.

"ನೋಡೋಣ" ಅಂದರು.

"ನೋಡೋಣ ಅಂದ್ರೆ?"

"ನೋಡೋಣ ಅಂದ್ರೆ ನೋಡೋಣ."

ಮಗಳು ಸರಿ ಎಂದು ಫೋನು ಇಟ್ಟಳು. ಮಾಸ್ಟರು ಫೋನನ್ನು ಕೈಯಲ್ಲಿ ಹಿಡಿದು ಕೂತೇ ಇದ್ದರು. ಈ ಸಲ ತಪ್ಪಿಸಿದರೆ ಇನ್ನೊಂದು ಸಲ ಅವಳು ಕರೆಯುವುದಿಲ್ಲ, ತಮ್ಮ ಮಗಳು ಅಲ್ಲವೇ.

ಅದೇ ಫೋನಿನಲ್ಲಿ ಮಾರನೆಯ ದಿನ ಆ ಜಾಹೀರಾತು ಕಂಡಿತು. ಬಿಳಿ ಕೋಟಿನವನೊಬ್ಬ, ತೋಟದಲ್ಲಿ ಕೈ ಹಿಡಿದು ನಡೆಯುವ ನರೆಗೂದಲ ಗಂಡಹೆಂಡತಿ, ಹಸಿರು ಕ್ಯಾಪ್ಸೂಲಿನ ಡಬ್ಬಿ. ಕುಂಬಳಬೀಜ, ತುರುಚೆ ಗಿಡದ ಬೇರು, ಯಾವುದೋ ಕಾಡು ತಾಳೆಯ ಹಣ್ಣು, ಎಲ್ಲ ಗಿಡಮೂಲಿಕೆ, ಯಾವ ತೊಂದರೆಯೂ ಇಲ್ಲ, ಆರು ವಾರದಲ್ಲಿ ಹೊಸ ಮನುಷ್ಯ. ಸೊಸೆ ನಿಲ್ಲುವ ಮೆಡಿಕಲ್ ಶಾಪಿಗೆ ಹೋಗುವ ಹಾಗಿರಲಿಲ್ಲ, ಊರಿನ ಉಳಿದೆರಡರಲ್ಲೂ ಅವಳ ಗುರುತಿನವರೇ. ಮಾಸ್ಟರು ಅಂಗಡಿಯ ಷಟರನ್ನು ಅರ್ಧ ಎಳೆದುಕೊಂಡು ಆ ನಂಬರಿಗೆ ಫೋನು ಮಾಡಿದರು.

ಎತ್ತಿದವಳು ಒಬ್ಬ ಹುಡುಗಿ. "ಹೇಳಿ ಅಂಕಲ್. ರಾತ್ರಿ ಎಷ್ಟು ಸಲ ಏಳ್ತೀರಿ?"

ಮಾಸ್ಟರು ಸ್ಟೂಲಿನ ಮೇಲೆ ಕೂತುಬಿಟ್ಟರು. ಒಂದೂವರೆ ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಇವಳೊಬ್ಬಳೇ.

"ಮೂರು ಸಲ. ಒಂದೊಂದು ದಿನ ನಾಲ್ಕು."

"ಪೂರ್ತಿ ಆಯ್ತು ಅನ್ಸುತ್ತಾ, ಇನ್ನೂ ಇದೆ ಅನ್ಸುತ್ತಾ?"

"ಇನ್ನೂ ಇದೆ ಅನ್ಸುತ್ತಮ್ಮ" ಅಂದರು. ಆಮೇಲೆ ಎಲ್ಲವನ್ನೂ ಹೇಳಿದರು. ಓಡುವುದು, ಕಾಯುವುದು, ಸಿನಿಮಾಕ್ಕಾಗಲಿ ಮದುವೆಗಾಗಲಿ ಹೋಗುವುದನ್ನು ಬಿಟ್ಟದ್ದು, ಹೋದರೂ ಬಾಗಿಲ ಹತ್ತಿರದ ಕುರ್ಚಿ ಹುಡುಕುವುದು, ಎಲ್ಲ. ಹುಡುಗಿ ಹೂಂ ಹೂಂ ಎನ್ನುತ್ತ ಬರೆದುಕೊಂಡಳು. ಒಂದು ಕೋರ್ಸ್ ಅಂದರೆ ಮೂರು ಡಬ್ಬಿ, ಪ್ರತಿ ಬುಧವಾರ ಮಧ್ಯಾಹ್ನ ಮೂರಕ್ಕೆ ನಾನೇ ಫೋನು ಮಾಡಿ ವಿಚಾರಿಸುತ್ತೇನೆ, ಸಂಜೆ ನಾಲ್ಕರ ಮೇಲೆ ನೀರು ಕಮ್ಮಿ ಮಾಡಿ ಅಂದಳು. ಮೂರು ಡಬ್ಬಿಗೆ ನಾಲ್ಕು ಪ್ಯಾಂಟು ಹೊಲಿದ ಕೂಲಿ ಹೋಯಿತು. ಮಾಸ್ಟರಿಗೆ ಅದು ದುಬಾರಿ ಅನ್ನಿಸಲಿಲ್ಲ.

ಡಬ್ಬಿಗಳು ಬಂದವು. ಕ್ಯಾಪ್ಸೂಲುಗಳನ್ನು ಹಸಿರು ಗುಂಡಿಗಳ ತಗಡಿನ ಡಬ್ಬಕ್ಕೆ ಸುರಿದು, ಮೇಲೆ ಒಂದು ಪದರ ಗುಂಡಿ ಹರಡಿ ಮುಚ್ಚಿದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಹತ್ತು ದಿನಕ್ಕೆ ಗುಣ ಕಂಡಿತು. ರಾತ್ರಿ ಎರಡೇ ಸಲ ಎದ್ದರು. ಗುಣ ಕಾಣದೆ ಏನು, ಹುಡುಗಿ ನಾಲ್ಕು ಗಂಟೆ ಅಂದರೆ ಇವರು ಬೆಳಗಿನ ಚಹಾ ಆದಮೇಲೆ ನೀರನ್ನೇ ಮುಟ್ಟುತ್ತಿರಲಿಲ್ಲ. ತುಟಿ ಒಡೆಯಿತು. ಮೂತ್ರ ಉರಿಯಿತು. ಮಧ್ಯಾಹ್ನ ಕತ್ತರಿ ಹಿಡಿದರೆ ತಲೆ ಸುತ್ತಿ ಬಟ್ಟೆ ಎರಡೆರಡಾಗಿ ಕಾಣುತ್ತಿತ್ತು. ಹೆಂಡತಿ ದಿನಾ ತಟ್ಟೆಯ ಪಕ್ಕ ಲೋಟ ಇಡುವಳು, ದಿನಾ ಅದು ತುಂಬಿದ ಹಾಗೇ ಒಳಗೆ ಹೋಗುವುದು.

"ನೀರಿನ ಮೇಲೂ ಕೋಪಾನಾ?" ಎಂದಳು ಒಂದು ದಿನ.

"ಬಾಯಾರಿಕೆ ಇಲ್ಲ."

"ಮುಖ ನೋಡ್ಕೊಳ್ಳಿ ಕನ್ನಡೀಲಿ, ಒಣಗಿದ ಬದನೆಕಾಯಿ ಆಗಿದೆ."

ಮಾಸ್ಟರು ಎದ್ದು ಕೆಳಗಿಳಿದರು. ಅವರಿಗೀಗ ವಾರವೆಂದರೆ ಬುಧವಾರ. ಬುಧವಾರ ಎರಡೂವರೆಗೇ ಷಟರು ಅರ್ಧ ಇಳಿಯುತ್ತಿತ್ತು. ಹುಡುಗಿ ಕೇಳುವಳು, ಇವರು ಹೇಳುವರು. ಮೂರನೆಯ ವಾರ ಮಗಳ ಅಂಗಡಿಯ ವಿಷಯವನ್ನೂ ಹೇಳಿಕೊಂಡರು. "ಹೋಗೇ ಹೋಗ್ತೀರಿ ಅಂಕಲ್, ಇನ್ನೊಂದು ಕೋರ್ಸ್ ತರಿಸ್ಕೊಳ್ಳಿ" ಎಂದಳು ಹುಡುಗಿ. ತರಿಸಿದರು. ಅಷ್ಟರಲ್ಲಿ ಮತ್ತೆ ಮೂರು ಸಲ ಏಳುವಂತಾಗಿತ್ತು, ಅವಳಿಗೆ ಬೇಜಾರಾದೀತೆಂದು ಎರಡು ಅಂದರು.

ಡಬ್ಬಿಗಳನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದ್ದನ್ನು ಸೊಸೆ ನೋಡಿದ್ದಳು. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮೆಟ್ಟಿಲ ಮೇಲೆ ನಿಂತು, ಮಾವ, ಆ ಹಸಿರು ಡಬ್ಬಿ, ಎಂದು ಮೆಲ್ಲಗೆ ಶುರುಮಾಡಿದಳು.

"ನನ್ನದಲ್ಲಮ್ಮ ಅದು. ಪಕ್ಕದ ಅಂಗಡಿಯವನದು."

ಸೊಸೆಯ ಮುಖ ಸಣ್ಣಗಾಯಿತು. ಊಟದ ಹೊತ್ತಿನ ನಗು ಅವಳಿಗೂ ನೆನಪಾಗಿರಬೇಕು. ಸ್ವಲ್ಪ ಹೊತ್ತು ಚೀಲದ ದಾರ ಸರಿಮಾಡಿಕೊಳ್ಳುತ್ತ ನಿಂತು ಹೇಳಿದಳು, "ಅವರಿಗೆ ಹೇಳಿ ಮಾವ, ಅದನ್ನೇ ನಂಬ್ಕೊಂಡು ಕೂರೋದು ಬೇಡ, ಮೊದಲು ಡಾಕ್ಟರಿಗೆ ತೋರಿಸ್ಲಿ. ವಯಸ್ಸಾದ ಗಂಡಸರಿಗೆ ಒಳಗೆ ಒಂದು ಗ್ರಂಥಿ ದಪ್ಪ ಆಗುತ್ತೆ. ತುಂಬಾ ಜನಕ್ಕೆ ಆಗುತ್ತೆ. ಪರೀಕ್ಷೆ ಮಾಡದೆ ಏನು ಅಂತ ಗೊತ್ತಾಗಲ್ಲ."

"ಹೇಳ್ತೀನಿ" ಎಂದರು ಮಾಸ್ಟರು, ಸೂಜಿಯ ಕಣ್ಣನ್ನೇ ನೋಡುತ್ತ.

ನಾಲ್ಕನೆಯ ಬುಧವಾರ ಹೆಂಡತಿ ಚಹಾ ಹಿಡಿದು ಕೆಳಗಿಳಿದಳು. ಬುಧವಾರದ ಷಟರಿನ ವಿಷಯ ಅವಳಿಗೆ ಹೇಗೆ ಗೊತ್ತಿರಬೇಕು. ಅಂಗಡಿಯ ಒಳಬಾಗಿಲ ಹತ್ತಿರ ಬಂದಾಗ ಗಂಡನ ದನಿ ಕೇಳಿಸಿತು, ಎಷ್ಟೋ ವರ್ಷದಿಂದ ಅವಳು ಕೇಳಿರದ ಮೆತ್ತಗಿನ ದನಿ. "ಇಲ್ಲಮ್ಮ, ರಾತ್ರಿ ನಿದ್ದೇನೇ ಬರಲ್ಲ. ಬುಧವಾರ ನಿನ್ನ ಜೊತೆ ಮಾತಾಡ್ತೀನಲ್ಲ, ಅದೊಂದೇ ಸಮಾಧಾನ."

ಚಹಾ ಮೆಟ್ಟಿಲ ಮೇಲೆಯೇ ಉಳಿಯಿತು. ರಾತ್ರಿ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಬೀಳಲಿಲ್ಲ, ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ತಟ್ಟೆಗಳನ್ನು ಎತ್ತಿದ ಮೇಲೆ, ಮಗ ಸೊಸೆ ಇರುವಾಗಲೇ ಅವಳು ಕೇಳಿದಳು.

"ಮಧ್ಯಾಹ್ನ ಯಾರ ಜೊತೆ ಮಾತಾಡ್ತಾ ಇದ್ರಿ?"

"ಗಿರಾಕಿ."

"ಗಿರಾಕಿಗೆ ರಾತ್ರಿ ನಿದ್ದೆ ಬರಲ್ಲ ಅಂತ ಹೇಳ್ಕೋತೀರಾ?"

ಮಗ ಫೋನು ಕೆಳಗಿಟ್ಟ. ಸೊಸೆ ಏನೋ ಹೇಳಲು ಬಾಯಿ ತೆರೆದಳು, ಮಾವನ ಕಣ್ಣು ನೋಡಿ ಸುಮ್ಮನಾದಳು. ಅವಳಿಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ, ಅದು ಪಕ್ಕದ ಅಂಗಡಿಯವನ ವಿಷಯ.

"ಮೂವತ್ತಾರು ವರ್ಷ ಆಯ್ತು ಈ ಮನೆಗೆ ಬಂದು" ಎಂದಳು ಹೆಂಡತಿ. ದನಿ ಏರಲಿಲ್ಲ, ಅದನ್ನೇ ತಡೆದುಕೊಳ್ಳಲಾಗಲಿಲ್ಲ. "ನನ್ನ ಹತ್ರ ಒಂದು ದಿನ ಹಾಗೆ ಮಾತಾಡಿದ್ದೀರಾ? ಯಾರು ಏನು ಅಂತ ನಾನು ಕೇಳಲ್ಲ. ಈ ವಯಸ್ಸಲ್ಲಿ ಕೇಳಿ ನಾನೇ ನಗೆಪಾಟಲಾಗ್ಬೇಕು. ಮಗಳ ಊರಿಗೆ ಬರ್ತೀರೋ ಇಲ್ವೋ, ಅಷ್ಟು ಹೇಳಿ."

"ಬರ್ತೀನಿ" ಅಂದರು ಮಾಸ್ಟರು. ಬೇರೆ ಏನು ಹೇಳಿದರೂ ಎಲ್ಲ ಹೇಳಬೇಕಾಗುತ್ತಿತ್ತು.

ಇನ್ನು ಎರಡು ವಾರ. ಕ್ಯಾಪ್ಸೂಲಿನ ಮೇಲೆ ಭರವಸೆ ಹೋಗಿತ್ತು, ಕೈಯ ಮೇಲೆ ಇತ್ತು. ಮಾಸ್ಟರು ಎರಡು ಕಡುಗಪ್ಪು ಪ್ಯಾಂಟು ಆರಿಸಿಕೊಂಡು ಒಳಗಡೆ, ಮುಂಭಾಗದಲ್ಲಿ, ಹಳೆಯ ಟವೆಲಿನ ಎರಡು ಪದರ ಇಟ್ಟು, ಅದರ ಕೆಳಗೆ ಮುರಿದ ಛತ್ರಿಯ ಬಟ್ಟೆ ಕೊಟ್ಟು ಹೊಲಿದರು. ಹೊರಗೆ ಒಂದು ಗೆರೆ ಕಾಣಬಾರದು, ಹಾಗೆ. ಟೇಲರಿಗೆ ಬಿಟ್ಟು ಇನ್ನಾರಿಗೆ ಹೊಳೆದೀತು ಈ ಉಪಾಯ. ಆದರೆ ಟೇಲರೇ ಮಾಡಬಾರದಿದ್ದ ತಪ್ಪೊಂದು ಆಗಿಹೋಯಿತು, ಛತ್ರಿಯ ಬಟ್ಟೆ ಸದ್ದು ಮಾಡುತ್ತದೆ. ಕೂತರೆ ಚರ್, ಎದ್ದರೆ ಚರ್. "ಅಪ್ಪ ಜೇಬಲ್ಲಿ ಕಡಲೆಕಾಯಿ ಪೊಟ್ಟಣ ಇಟ್ಕೊಂಡು ಒಬ್ಬನೇ ತಿಂತಿದ್ದಾನೆ" ಎಂದು ಮಗ ತಮಾಷೆ ಮಾಡಿದ. ಆ ಪ್ಯಾಂಟುಗಳನ್ನು ಮಾಸ್ಟರು ಯಾರ ಕೈಗೂ ಕೊಡದೆ ತಾವೇ ಒಗೆದು ಅಂಗಡಿಯಲ್ಲೇ ಒಣಗಿಸಿಕೊಂಡರು. ನನ್ನ ಕೈಯ ಒಗೆತವೂ ಬೇಡವಾಯಿತು ಎಂದುಕೊಂಡಳು ಹೆಂಡತಿ.

ಶನಿವಾರ ಬೆಳಿಗ್ಗೆ ಇಬ್ಬರೂ ಬಸ್ ನಿಲ್ದಾಣಕ್ಕೆ ಹೋದರು. ಒಂದು ಪ್ಯಾಂಟು ಮೈಮೇಲೆ, ಇನ್ನೊಂದು ಚೀಲದಲ್ಲಿ, ಅದರ ಮೇಲೆ ಬಟ್ಟೆಯಲ್ಲಿ ಸುತ್ತಿದ ಅವರ ದೊಡ್ಡ ಕತ್ತರಿ. ಮಾಸ್ಟರು ಹಿಂದಿನ ಮಧ್ಯಾಹ್ನದಿಂದ ಹನಿ ನೀರು ಕುಡಿದಿರಲಿಲ್ಲ. ಬಸ್ಸು ಬರುವ ಮೊದಲು ಒಮ್ಮೆ ಶೌಚಾಲಯಕ್ಕೆ ಹೋಗಿ ಬಂದರು. ಬಸ್ಸು ಬಂದು ಸೀಟು ಹಿಡಿದ ಮೇಲೆ ಇನ್ನೊಮ್ಮೆ. ಕಂಡಕ್ಟರ್ ಟಿಕೆಟ್ ಹರಿಯುತ್ತ ಬರುವಾಗ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟು ಮತ್ತೆ ಎದ್ದರು.

"ಮತ್ತೆಲ್ಲಿಗೆ?" ಎಂದಳು ಹೆಂಡತಿ.

"ಬಿಸ್ಕತ್ತು ತರ್ತೀನಿ."

ಶೌಚಾಲಯದಲ್ಲಿ ಗೋಡೆಯ ಮುಂದೆ ನಿಂತು ಕಾದರು. ಏನೂ ಬರಲಿಲ್ಲ, ಇದೆ ಅನ್ನುವುದೂ ಹೋಗಲಿಲ್ಲ. ಇನ್ನು ಐದು ಗಂಟೆ. ದಾರಿಯ ನಡುವೆ ಎದ್ದು ನಿಂತು ನಲವತ್ತು ಜನರ ಮುಂದೆ ಬಸ್ಸು ನಿಲ್ಲಿಸಿ ಎಂದು ಕೇಳುವುದು, ಹದಿನೈದು ನಿಮಿಷಕ್ಕೆ ಮತ್ತೆ ಕೇಳುವುದು, ಕೇಳಲಾರದೆ ಕೂತು ಮಗಳ ಹೊಸ ಅಂಗಡಿಗೆ ಒದ್ದೆ ಪ್ಯಾಂಟಿನಲ್ಲಿ ಇಳಿಯುವುದು, ಎಲ್ಲ ಕಣ್ಣ ಮುಂದೆ ಬಂತು. ಹೊರಗೆ ಬಂದಾಗ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಕಂಡಕ್ಟರ್ ಎರಡು ಸಲ ಕೂಗಿದ. ಕಿಟಕಿಯಲ್ಲಿ ಹೆಂಡತಿಯ ಮುಖ ಅತ್ತ ಇತ್ತ ಹುಡುಕುತ್ತಿತ್ತು. ಮಾಸ್ಟರು ಕೈಯನ್ನು ಅರ್ಧ ಎತ್ತಿದರು. ಎತ್ತಿದ ಕೈ ಹಾಗೇ ಇಳಿಯಿತು, ಒಂದು ಹೆಜ್ಜೆ ಸರಿದು ಪೇಪರ್ ಅಂಗಡಿಯ ಹಿಂದೆ ನಿಂತುಕೊಂಡರು. ಬಸ್ಸು ಹೋಯಿತು.

ಹೆಂಡತಿಯ ಫೋನು ಬಂದಾಗ, ಒಂದು ದೊಡ್ಡ ಆರ್ಡರಿನವರು ದಾರಿಯಲ್ಲೇ ಹಿಡಿದುಕೊಂಡರು, ಸೋಮವಾರದೊಳಗೆ ಕೊಡಬೇಕಂತೆ ಎಂದು ಕಾಗೆ ಹಾರಿಸಿದರು. ಅವಳು ಪೂರ್ತಿ ಕೇಳದೆಯೇ ಫೋನು ಇಟ್ಟಳು. ಭಾನುವಾರ ಬೆಳಿಗ್ಗೆ ಮಗಳೇ ಮಾಡಿದಳು. ಹಿಂದೆ ಜನರ ಮಾತು, ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು.

"ಅಪ್ಪ, ಇನ್ನೂ ನನ್ನ ಮೇಲೆ ಕೋಪಾನಾ?"

"ಇಲ್ಲ ಕಣಮ್ಮ. ಕೆಲಸ."

"ಸುಳ್ಳು ಹೇಳೋಕೂ ಬರಲ್ಲ ನಿನಗೆ" ಎಂದಳು ಮಗಳು.

ಮಗ ಸೊಸೆ ಇಬ್ಬರೂ ಸೊಸೆಯ ತವರಿನಲ್ಲಿ ಮದುವೆಯೆಂದು ಹೋಗಿದ್ದರು. ಮಾಸ್ಟರು ಇಡೀ ದಿನ ಬ್ರೆಡ್ಡು ತಿಂದು ಮಿಷನ್ ಮುಂದೆ ಕೂತರು, ಹೊಲಿಯಲು ಏನೂ ಇರಲಿಲ್ಲ, ಕತ್ತರಿಸಲು ಕತ್ತರಿಯೂ ಇರಲಿಲ್ಲ. ಯಾರೊಂದಿಗಾದರೂ ಮಾತಾಡಬೇಕೆನ್ನಿಸಿ, ಬುಧವಾರವಲ್ಲದಿದ್ದರೂ ಆ ನಂಬರಿಗೆ ಫೋನು ಮಾಡಿದರು. ಎತ್ತಿದವನು ಗಂಡಸು. ಆ ಹುಡುಗಿ ಕೆಲಸ ಬಿಟ್ಟಳು ಸರ್, ನಿಮ್ಮ ಆರ್ಡರ್ ನಂಬರ್ ಹೇಳಿ, ಎರಡನೇ ಹಂತದ ಪವರ್ ಕೋರ್ಸ್ ಬಂದಿದೆ ಅಂದ. ಅವಳ ಹೆಸರನ್ನೂ ತಾವು ಕೇಳಿರಲಿಲ್ಲವೆಂದು ಮಾಸ್ಟರಿಗೆ ಆಗ ಹೊಳೆಯಿತು. ಫೋನು ಕೆಳಗಿಟ್ಟರು. ಮನೆಯಲ್ಲಿ ನಲ್ಲಿ ಹನಿಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಸೋಮವಾರ ಮಧ್ಯಾಹ್ನ ಹೆಂಡತಿ ಬಂದಳು. ಚೀಲವನ್ನು ಅಂಗಡಿಯ ಮೇಜಿನ ಮೇಲೆ ಧೊಪ್ಪನೆ ಇಟ್ಟು ಮೆಟ್ಟಿಲು ಹತ್ತತೊಡಗಿದಳು.

"ಕತ್ತರಿ?" ಎಂದರು ಮಾಸ್ಟರು.

"ಅಲ್ಲೇ ಇದೆ. ಬಟ್ಟೆ ಮೇಜಿನ ಮೇಲೆ ಹಾಸಿದ ಹಾಗೇ ಇದೆ, ಅದರ ಮೇಲೆ ನಿಮ್ಮ ಕತ್ತರಿ. ಅವಳೂ ಕತ್ತರಿಸ್ಲಿಲ್ಲ, ಬೇರೆಯವರಿಗೂ ಬಿಡ್ಲಿಲ್ಲ. ಮಗಳ ಕಣ್ಣಲ್ಲಿ ನೀರು ಹಾಕಿಸಿದ್ರಿ, ಸಂತೋಷಾನಾ ಈಗ?" ಎರಡು ಮೆಟ್ಟಿಲು ಹತ್ತಿ ಮತ್ತೆ ನಿಂತಳು. "ನಿಮ್ಮ ಪ್ಯಾಂಟು ಮುದುಡಿದೆ, ಇಸ್ತ್ರಿ ಹಾಕ್ತೀನಿ ಅಂತ ನಿನ್ನೆ ರಾತ್ರಿ ತಗೊಂಡು ಹೋದ್ಲು. ಬೆಳಗಿನ ತನಕ ಅವಳ ಕೋಣೆ ದೀಪ ಆರಲಿಲ್ಲ. ಒಂದು ಪ್ಯಾಂಟಿಗೆ ಎಷ್ಟು ಇಸ್ತ್ರಿ ಹಾಕ್ತಾರೋ ಕಾಣೆ."

ಮಾಸ್ಟರು ಅವಳು ಮೇಲೆ ಹೋಗುವ ತನಕ ಕಾದು ಚೀಲ ತೆರೆದರು. ಪ್ಯಾಂಟು ಗರಿಗರಿಯಾಗಿ ಮಡಿಸಿತ್ತು. ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಯಿತು, ಸದ್ದಿಲ್ಲ. ಒಳಗನ್ನು ಹೊರಗೆ ಮಾಡಿದರು.

ಟವೆಲಿಲ್ಲ, ಛತ್ರಿಯ ಬಟ್ಟೆಯಿಲ್ಲ. ಆ ಜಾಗದಲ್ಲಿ ಎಳೆಮಕ್ಕಳ ಹಾಸಿಗೆಗೆ ಹಾಕುವಂಥ, ನೀರು ಇಳಿಯದ ಮೆತ್ತನೆಯ ಬಟ್ಟೆ, ಅದರ ಮೇಲೆ ಹತ್ತಿಯ ಪದರ. ಸುತ್ತ ಕೈಹೊಲಿಗೆ, ಅಕ್ಕಿಕಾಳಿಗಿಂತ ಸಣ್ಣದು, ತಮ್ಮ ಕೈಯದೇ ಅನ್ನಬೇಕು. ಬಲಗಡೆ ಪೂರ್ತಿ ಮುಗಿದಿತ್ತು. ಎಡಗಡೆ ಬಿಟ್ಟಿತ್ತು. ನಡುವೆ ಸೂಜಿ ಚುಚ್ಚಿತ್ತು, ಅದರಲ್ಲಿ ಗೇಣುದ್ದ ದಾರ. ಅಪ್ಪನಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲವೆಂದು ದಾರ ಪೋಣಿಸಿಯೇ ಕಳಿಸಿದ್ದಳು.

ಚೀಟಿ ಇರಲಿಲ್ಲ. ಅಪ್ಪ ಮಗಳ ನಡುವೆ ಅದು ಬೇಕೂ ಇರಲಿಲ್ಲ. ಮಾಸ್ಟರು ಪ್ಯಾಂಟನ್ನು ತೊಡೆಯ ಮೇಲೆ ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾಚಿಕೆಗೆ ಅತ್ತರೋ, ತಿಳಿದುಕೊಂಡಳಲ್ಲ ಎಂಬ ಹಗುರಕ್ಕೆ ಅತ್ತರೋ, ಎರಡೂ ಇತ್ತು. ಆಮೇಲೆ ಕನ್ನಡಕ ಒರೆಸಿ ಎಡಗಡೆಯನ್ನು ಹೊಲಿಯಲು ಕೂತರು. ಅವಳ ಅರ್ಧ ನೋಡಿಕೊಂಡು ತಮ್ಮ ಅರ್ಧ. ಎರಡು ಕಡೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹೊಲಿದರು. ಗಂಟು ಹಾಕಿ ದಾರ ಕಡಿದ ಮೇಲೆಯೂ ಎದ್ದೇಳಲಿಲ್ಲ. ಉಳಿದರ್ಧ ಎಂದು ಅವಳು ಬಿಟ್ಟದ್ದು ಇಷ್ಟೇ ಅಲ್ಲ ಎಂದು ಅವರಿಗೆ ಗೊತ್ತಿತ್ತು.

ಹೊತ್ತು ಮುಳುಗುವಾಗ ಹದಿನಾರು ಮೆಟ್ಟಿಲು ಹತ್ತಿ ಮೇಲೆ ಹೋದರು. ಹೆಂಡತಿ ಅಡುಗೆಮನೆಯಲ್ಲಿ ಬಟ್ಟಲು ಮುಂದಿಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದಳು. ತಲೆಯೆತ್ತಲಿಲ್ಲ. ಮಾಸ್ಟರು ಪ್ಯಾಂಟನ್ನು ಒಳಮೈ ಮೇಲೆ ಬರುವ ಹಾಗೆ ಅವಳ ಮಡಿಲಲ್ಲಿ ಇಟ್ಟರು.

"ಮುಟ್ಟಿ ನೋಡು."

ಅವಳು ಮುಟ್ಟಿದಳು. ಮೊದಲು ಏನೂ ತಿಳಿಯದೆ, ಆಮೇಲೆ ಬೆರಳು ನಿಧಾನಮಾಡಿ. ನಾಲ್ಕು ಮಕ್ಕಳನ್ನು ಹೆತ್ತು ಇಬ್ಬರನ್ನು ಉಳಿಸಿಕೊಂಡವಳು, ಅಂಥ ಬಟ್ಟೆ ಯಾತಕ್ಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ. ತಡೆಯೋಕಾಗಲ್ಲ. ಹೋದ್ರೆ ಆಗಲ್ಲ. ರಾತ್ರಿಯೆಲ್ಲ ಅದೇ. ಫೋನಿನವಳು ಮಾತ್ರೆ ಮಾರೋ ಹುಡುಗಿ, ಎಷ್ಟು ಸಲ ಏಳ್ತೀರಿ ಅಂತ ಕೇಳ್ತಿದ್ಲು. ಅಷ್ಟೇ."

ಅವಳ ಕೈಯಿಂದ ಬಟಾಣಿಯೊಂದು ಉರುಳಿ ಒಲೆಯ ಕೆಳಗೆ ಹೋಯಿತು, ಎತ್ತಲಿಲ್ಲ.

"ನಾನು ಮುದುಕಿ ಆದೆ, ಪಕ್ಕದಲ್ಲಿ ಮಲಗೋಕೆ ಹೇಸಿಗೆ ಆಯ್ತೇನೋ ಅಂದ್ಕೊಂಡಿದ್ದೆ" ಎಂದಳು. "ಹಾಸಿಗೆ ಕೆಳಗೆ ಹೋದಾಗಿನಿಂದ ದಿನಾ ಅದನ್ನೇ ಅಂದ್ಕೊಂಡು ಮಲಗಿದೆ."

ಕೆಳಗೆ ತಾವು, ಮೇಲೆ ಅವಳು, ನಡುವೆ ಹದಿನಾರು ಮೆಟ್ಟಿಲು. ಮಾಸ್ಟರು ತಮ್ಮ ಕಷ್ಟವೊಂದನ್ನೇ ಅಳೆದುಕೊಂಡು ಕೂತಿದ್ದರು, ಮೇಲಿನದನ್ನು ಅಳೆಯಲೇ ಇಲ್ಲ. ಅಲ್ಲೇ ಅವಳ ಎದುರಿಗೆ ನೆಲದ ಮೇಲೆ ಕೂತರು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಪ್ಯಾಂಟನ್ನು ಮಡಿಸಿ ಪಕ್ಕಕ್ಕಿಟ್ಟಳು.

"ನಾಡಿದ್ದು ಸೊಸೆ ಬರಲಿ. ಡಾಕ್ಟರು ಯಾರು ಅಂತ ಅವಳನ್ನೇ ಕೇಳೋಣ. ನಾನೂ ಬರ್ತೀನಿ."

"ಹೂಂ."

"ಆಮೇಲೆ ಆ ಬಟ್ಟೆ ಕತ್ತರಿಸೋಕೆ ಹೋಗೋಣ. ದಾರೀಲಿ ಬಸ್ಸು ನಿಲ್ಲಿಸ್ಬೇಕಾದ್ರೆ ನಾನು ಕೇಳ್ತೀನಿ, ನನಗೇನು ನಾಚಿಕೆ." ಎದ್ದು ಕೊಡದಿಂದ ಒಂದು ದೊಡ್ಡ ಲೋಟ ನೀರು ತುಂಬಿ ತಂದು ಅವರ ಕೈಗೆ ಕೊಟ್ಟಳು. "ಮೊದಲು ಇದನ್ನ ಕುಡೀರಿ."

ಮಾಸ್ಟರು ಕುಡಿದರು. ಒಡೆದ ತುಟಿಗೆ ಉರಿಯಿತು, ನಿಲ್ಲಿಸಲಿಲ್ಲ. ತಳ ಕಾಣುವ ತನಕ ಕುಡಿದು ಲೋಟವನ್ನು ಅವಳ ಕೈಗೆ ಕೊಟ್ಟರು. ಕೊಟ್ಟವರೇ ಎದ್ದು ಮೆಟ್ಟಿಲ ಕಡೆ ಹೊರಟರು. ಇಸ್ತ್ರಿಪೆಟ್ಟಿಗೆಯ ಮಾತು ಎತ್ತಲಿಲ್ಲ. "ಹೋಗಿ ಬರ್ತೀನಿ ಕಣೇ, ಸ್ವಲ್ಪ ಹೊತ್ತಾಗುತ್ತೆ" ಎಂದರು.

"ಆಗಲಿ, ಇಲ್ಲೇ ಇರ್ತೀನಿ" ಎಂದು ಅವಳು ಮೆಟ್ಟಿಲ ದೀಪ ಹಾಕಿದಳು.